ಪೆರ್ಲದ ನರ್ಸರಿಯ ವೆಬ್‌ಸೈಟನ್ನು ಮೊಬೈಲಿಗಾಗಿ ಬಿಚ್ಚಿ ಕಟ್ಟಿದ್ದು

ಪೆರ್ಲದಿಂದ ಸ್ವಲ್ಪ ಒಳಗೆ ಒಂದು ನರ್ಸರಿ ಇದೆ. ಅಡಕೆ ಗಿಡ, ಕಾಳುಮೆಣಸಿನ ಬಳ್ಳಿ, ಕೊಕ್ಕೊ, ತೆಂಗಿನ ಸಸಿ, ಜತೆಗೆ ಒಂದಿಷ್ಟು ಹಣ್ಣಿನ ಗಿಡ. ಊರು ಕಾಸರಗೋಡು ಜಿಲ್ಲೆಯದು, ಗಿರಾಕಿಗಳು ಕೇರಳ-ಕರ್ನಾಟಕ ಗಡಿಯ ಎರಡೂ ಕಡೆಯವರು. ಅಡ್ಕಸ್ಥಳ ದಾಟಿ ವಿಟ್ಲ, ಪುತ್ತೂರು ಕಡೆಯಿಂದ ಬರುತ್ತಾರೆ. ಬದಿಯಡ್ಕ, ಮುಳ್ಳೇರಿಯ, ಚೆರ್ಕಳದಿಂದಲೂ ಬರುತ್ತಾರೆ. ಯಜಮಾನರನ್ನು ನಾನು ಮಾವ ಎಂದೇ ಕರೆಯುವುದು. ಅವರ ಹಳೆಯ ವೆಬ್‌ಸೈಟನ್ನು ಬಿಚ್ಚಿ, ಮೊಬೈಲಿಗೆಂದೇ ಹೊಸದಾಗಿ ಕಟ್ಟಿಕೊಟ್ಟೆ. ಇಂಥ ಕೆಲಸಕ್ಕೆ ಕೈ ಹಾಕುವ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ಬರೆದಿಡುತ್ತಿದ್ದೇನೆ.

ಹಳೆಯ ಸೈಟು ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತಿತ್ತು. ಮೊಬೈಲಿನಲ್ಲಿ ತೆರೆದರೆ ಮೊದಲು ಜಾರುವ ದೊಡ್ಡ ಚಿತ್ರಗಳು. ಆಮೇಲೆ ನರ್ಸರಿಯ ಇತಿಹಾಸ. ರೇಟ್ ಪಟ್ಟಿ ಒಂದು ಪಿಡಿಎಫ್. ಅದನ್ನು ಇಳಿಸಿಕೊಂಡು, ಬೆರಳಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದು ಓದಬೇಕು. ಫೋನ್ ನಂಬರೂ ಚಿತ್ರದೊಳಗೆ. ಒತ್ತಿದರೆ ಕರೆ ಹೋಗುವುದಿಲ್ಲ. "ಎಂತ ಮಾರಾಯ, ಇದರಲ್ಲಿ ರೇಟ್ ಎಲ್ಲುಂಟು?" ಎಂದು ಮಾವನೇ ಕೇಳಿದ್ದರು, ತಮ್ಮದೇ ಸೈಟನ್ನು ತೋರಿಸಿ.

ಮೊದಲು ಫೋನ್ ಕರೆಗಳು

ಕೋಡ್ ಮುಟ್ಟುವ ಮೊದಲು ನರ್ಸರಿಯ ಜಗಲಿಯಲ್ಲಿ ಕೂತು ಮಾವನಿಗೆ ಬರುವ ಫೋನ್ ಕೇಳಿಸಿಕೊಂಡೆ. ಮಳೆಗಾಲ ಹತ್ತಿರ ಬಂದರೆ ಅವರ ಫೋನಿಗೆ ಬಿಡುವಿಲ್ಲ, ಯಾಕೆಂದರೆ ಅಡಕೆ ಗಿಡ ನೆಡುವುದು ಆಗಲೇ. ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಮೊಹಿತ್‌ನಗರ ತಳಿಯ ಅಡಕೆ ಉಂಟಾ? ಗಿಡ ಎಷ್ಟು ದೊಡ್ಡದು? ರೇಟ್ ಎಷ್ಟು? ಎಕರೆಗೆ ಎಷ್ಟು ಬೇಕು? ಪಿಕಪ್ ಒಳಗೆ ಬರ್ತದಾ? ಭಾನುವಾರ ಇರ್ತೀರಾ?

ಗಿಡ ಕೊಳ್ಳುವವರು ಕೊನೆಗೆ ಫೋನ್ ಮಾಡಿಯೇ ಮಾಡುತ್ತಾರೆ. ಅಡಕೆ ಗಿಡ ಎಂದರೆ ಫಸಲಿಗೆ ವರ್ಷಗಟ್ಟಲೆ ಕಾಯುವ ವ್ಯವಹಾರ. ಮಾವನ ಮಾತು ಕೇಳಿದ ಮೇಲೆಯೇ ಅವರಿಗೆ ಧೈರ್ಯ ಬರುವುದು. ಹಾಗಾಗಿ ಫೋನ್ ಕರೆಯನ್ನು ತಪ್ಪಿಸುವ ಸೈಟು ಬೇಕಾಗಿರಲಿಲ್ಲ. ಕರೆ ಮಾಡುವ ಹೊತ್ತಿಗೆ ಗಿರಾಕಿಗೆ ಅರ್ಧ ಉತ್ತರ ಗೊತ್ತಿರಬೇಕು. ಮುಂದಿನ ಪ್ರತಿ ತೀರ್ಮಾನಕ್ಕೂ ಇದನ್ನೇ ಅಳತೆಗೋಲು ಮಾಡಿಕೊಂಡೆ.

ಅದರಂತೆ ಪುಟದ ಕ್ರಮ ತಾನಾಗಿ ಬಂತು. ಮೇಲೆ ನರ್ಸರಿಯ ಹೆಸರು, ಊರು, ಇವತ್ತು ತೆರೆದಿದೆಯೋ ಇಲ್ಲವೋ. ಕೂಡಲೇ ಗಿಡಗಳ ಪಟ್ಟಿ: ಹೆಸರು, ರೇಟ್, ಸ್ಟಾಕ್, ಒಂದು ಫೋಟೊ. ಆಮೇಲೆ ದಾರಿ. ಇತಿಹಾಸ ಕೊನೆಯಲ್ಲಿ. ಜಾರುವ ಚಿತ್ರಗಳನ್ನು ಪೂರ್ತಿ ತೆಗೆದೆ.

ತಳಿಯ ಬಗ್ಗೆ ಎಷ್ಟು ಬರೆಯಬೇಕು ಎಂಬ ಪ್ರಶ್ನೆ ಬಂತು. ಅಡಕೆಯಲ್ಲಿ ಮಂಗಳ ಚೀನಾದಿಂದ ಬಂದ ಮೂಲದಿಂದ ಆರಿಸಿದ್ದು, ಮೊಹಿತ್‌ನಗರದ ಮೂಲ ಪಶ್ಚಿಮ ಬಂಗಾಳ, ಎರಡೂ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಬಿಡುಗಡೆ ಮಾಡಿದ ತಳಿಗಳು. ಇಲ್ಲಿಯ ಕೃಷಿಕರಿಗೆ ಇದು ಹೆಚ್ಚಾಗಿ ಗೊತ್ತಿರುತ್ತದೆ. ಕಾಸರಗೋಡಿನ ಆ ಸಂಸ್ಥೆ, ವಿಟ್ಲದಲ್ಲಿರುವ ಅದರ ಕೇಂದ್ರ ಎರಡೂ ಹತ್ತಿರವೇ ಅಲ್ವಾ. ಆದ್ದರಿಂದ ಪ್ರತಿ ತಳಿಗೆ ಎರಡೇ ಸಾಲು. ಎಕರೆ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಇಡುವ ಯೋಚನೆಯೂ ಇತ್ತು, ಬಿಟ್ಟೆ. ಶಿಫಾರಸು ಮಾಡಿದ ಅಂತರ 2.7 ಮೀಟರ್, ಅಂದರೆ ಸುಮಾರು 9 ಅಡಿ. ಆ ಲೆಕ್ಕದಲ್ಲಿ ಎಕರೆಗೆ 540ರಿಂದ 550 ಗಿಡ. ಇದನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಓದುವವರು ಬೇಕಾದ್ದನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರೆ.

ಅಕ್ಷರಗಳ ಕೆಲಸ

ಹೆಚ್ಚು ಹೊತ್ತು ಹಿಡಿದದ್ದು ಇದು. ಕನ್ನಡದಲ್ಲಿ ಸೈಟ್ ಮಾಡುವವರು ಈ ಭಾಗವನ್ನು ನಿಧಾನಕ್ಕೆ ಓದಬೇಕು ಎಂದು ನನ್ನ ಆಸೆ.

ರೇಟ್ ಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ಕಾಪಿ ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದಕ್ಕೇ ಹಿಂದೆ ಸೈಟ್ ಮಾಡಿದವರು ಹೆಸರುಗಳನ್ನೆಲ್ಲ ಚಿತ್ರ ಮಾಡಿ ಹಾಕಿದ್ದು. ಚಿತ್ರದೊಳಗಿನ ಹೆಸರನ್ನು ಹುಡುಕಾಟದಲ್ಲಿ ಸಿಗುವಂತೆ ಮಾಡುವುದು ಕಷ್ಟ, ಹಿಗ್ಗಿಸಿದರೆ ಮಸುಕಾಗುತ್ತದೆ, ಕಾಪಿಯೂ ಆಗುವುದಿಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್ ಮಾಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅದರಲ್ಲಿ ಹಾಕಿ ತೆಗೆದ ಮೇಲೆ ಸಾಲು ಸಾಲಾಗಿ ಕಣ್ಣಲ್ಲೇ ಓದಿ ನೋಡಬೇಕು. ಅರ್ಕಾವತ್ತು ಇರುವ ಪದಗಳನ್ನು ಮುಖ್ಯವಾಗಿ ನೋಡಿ: ನರ್ಸರಿ, ವರ್ಷ, ಗೊಬ್ಬರದ ಖರ್ಚು. ರ್ ಹೋಗಿ ಇನ್ನೆಲ್ಲೋ ಕೂತಿರುವ ಸಾಧ್ಯತೆ ಇದೆ.

ಇನ್ನೊಂದು ತೊಂದರೆ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಕೆಲವು ಹೆಸರುಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕೆ ಇತ್ತು. ಸರಿಯಾದದ್ದು 'ತೆಂಗು'. ಪಟ್ಟಿಯಲ್ಲಿದ್ದದ್ದು 'ತೆ೦ಗು'. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಪುಟದಲ್ಲಿ 'ತೆಂಗು' ಎಂದು ಹುಡುಕಿದರೆ ಸಿಗುವುದಿಲ್ಲ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೂ ಅದು ಸೊನ್ನೆಯೇ. ಇದಕ್ಕೆ ಸಣ್ಣ ಸ್ಕ್ರಿಪ್ಟ್ ಬರೆದೆ: ಸೊನ್ನೆಯ ಹಿಂದೆ ಅಂಕೆ ಇಲ್ಲದೆ ಅಕ್ಷರ ಇದ್ದರೆ ಅದನ್ನು ಅನುಸ್ವಾರ ಮಾಡುವುದು. ರೇಟ್‌ಗಳೆಲ್ಲ 0ರಿಂದ 9ರ ಅಂಕೆಗಳಲ್ಲೇ ಇದ್ದದ್ದರಿಂದ ಗೊಂದಲ ಆಗಲಿಲ್ಲ.

ಆಮೇಲೆ ಒತ್ತಕ್ಷರ. ಹಳೆಯ ಟೆಂಪ್ಲೇಟಿನಲ್ಲಿ ಗಿಡದ ಹೆಸರಿಗೆ ಒಂದು ಪೆಟ್ಟಿಗೆ, ಅದಕ್ಕೆ ಗಟ್ಟಿ ಎತ್ತರ, ಹೊರಗೆ ಚಾಚಿದ್ದನ್ನು ಕತ್ತರಿಸುವ ಆಜ್ಞೆ, ಸಾಲಿನ ಎತ್ತರ ಅಕ್ಷರದ ಗಾತ್ರದ 1.1 ಪಟ್ಟು. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಸಾಲದು. ಅಲ್ಲಿ 'ಪನ್ನಿಯೂರು' ಎಂದು ಹಾಕಿ ನೋಡಿದರೆ ಕೆಳಗಿನ ನಾವತ್ತು ಹಾರಿಹೋಗಿ 'ಪನಿಯೂರು' ಎಂದು ಕಾಣುತ್ತಿತ್ತು. ಕಾಳುಮೆಣಸು ಬೆಳೆಯುವ ಯಾರಿಗೂ ಪನ್ನಿಯೂರು ತಳಿ ಗೊತ್ತು. ಆ ಹೆಸರೇ ತಪ್ಪಾಗಿ ಕಂಡರೆ ನರ್ಸರಿಯ ಮೇಲೆ ಏನು ನಂಬಿಕೆ ಉಳಿದೀತು? ಗಟ್ಟಿ ಎತ್ತರ ತೆಗೆದು, ಒಳಗಿನ ಅಂತರದಿಂದಲೇ ಪೆಟ್ಟಿಗೆ ಬೆಳೆಯುವಂತೆ ಮಾಡಿದೆ. ಸಾಲಿನ ಎತ್ತರ ಬರಹಕ್ಕೆ 1.7, ಶೀರ್ಷಿಕೆಗೆ 1.45. ಒತ್ತಿನ ಕೆಳಗೆ ಒತ್ತು ಬರುವ ಪದ, ಮೇಲಿನ ಸಾಲಿನ ಒತ್ತು ಮತ್ತು ಕೆಳಗಿನ ಸಾಲಿನ ಗುಡಿಸು ಎದುರುಬದುರಾಗುವ ಸಾಲು, ಇಂಥವನ್ನೇ ಆರಿಸಿ ಪರೀಕ್ಷೆಗೆ ಇಟ್ಟುಕೊಂಡೆ. ಅಕ್ಷರಗಳ ನಡುವೆ ಜಾಗ ಬಿಡುವ ಆಜ್ಞೆಯನ್ನೂ ತೆಗೆದೆ. ಇಂಗ್ಲಿಷ್ ಶೀರ್ಷಿಕೆಗೆ ಅದು ಒಪ್ಪುತ್ತದೆ, ಕನ್ನಡ ಪದ ಅದರಿಂದ ಚದುರಿದಂತೆ ಕಾಣುತ್ತದೆ.

ಫಾಂಟ್ ಯಾವುದು? ಯಾವುದನ್ನೂ ಇಳಿಸದಿರುವುದು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ ಮೊದಲೇ ಇರುತ್ತದೆ, ಐಫೋನಿನಲ್ಲೂ ಕನ್ನಡ ಫಾಂಟ್ ಇದೆ. ಫೋನಿನಲ್ಲಿರುವುದನ್ನೇ ಬಳಸಿದರೆ ಇಳಿಸುವ ಭಾರ ಸೊನ್ನೆ, ಅಕ್ಷರ ಬರಲು ಕಾಯುವುದೂ ಇಲ್ಲ. ಗಾತ್ರವನ್ನು ಸಾಮಾನ್ಯಕ್ಕಿಂತ ಸ್ವಲ್ಪ ದೊಡ್ಡದು ಮಾಡಿದೆ, 18 ಪಿಕ್ಸೆಲ್‌ಗೆ ಸಮ. ಅಳತೆ ಕೊಟ್ಟದ್ದು ಮಾತ್ರ ಬ್ರೌಸರಿನ ಅಕ್ಷರ ಗಾತ್ರಕ್ಕೆ ಹೊಂದಿಕೊಳ್ಳುವ ರೆಮ್‌ ಎಂಬ ಮಾನದಲ್ಲಿ. ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡವರಿಗೆ ಪುಟವೂ ಅದೇ ಅನುಪಾತದಲ್ಲಿ ದೊಡ್ಡದಾಗಬೇಕು. ಹಳೆಯ ಸೈಟಿನಲ್ಲಿ ಬೆರಳಲ್ಲಿ ಹಿಗ್ಗಿಸುವುದನ್ನೇ ತಡೆದಿಟ್ಟಿದ್ದರು. ಪುಟ ಪರದೆಗೆ ಹೇಗೆ ಹೊಂದಬೇಕೆಂದು ಹೇಳುವ ವ್ಯೂಪೋರ್ಟ್ ಸಾಲಿನಿಂದ ಆ ತಡೆಯನ್ನು ಮೊದಲ ದಿನವೇ ಅಳಿಸಿದೆ. ಅರುವತ್ತು ದಾಟಿದ ಕೃಷಿಕರಿಗೆ ಮಾಡುವ ಪುಟದಲ್ಲಿ ಅಂಥದ್ದು ಇರಲೇಬಾರದು.

ಅನೇಕ ಆಂಡ್ರಾಯ್ಡ್ ಫೋನುಗಳ ಪರದೆ, ಪುಟದ ವಿನ್ಯಾಸ ಬರೆಯುವ ಸಿಎಸ್‌ಎಸ್ ಭಾಷೆಯ ಲೆಕ್ಕದಲ್ಲಿ, 360 ಪಿಕ್ಸೆಲ್ ಅಗಲ. ಅದಕ್ಕೇ ಮೂಲ ವಿನ್ಯಾಸ, ಅಗಲ ಜಾಸ್ತಿ ಇದ್ದರೆ ಮಾತ್ರ ಎರಡು ಕಾಲಂ. ಕನ್ನಡದ ಉದ್ದ ಪದಗಳು ಇಲ್ಲಿ ಕಾಟ ಕೊಡುತ್ತವೆ. 'ನಮ್ಮನ್ನು ಸಂಪರ್ಕಿಸಿ' ಎಂಬ ಬಟನ್ ಎರಡು ಸಾಲಾಗುತ್ತದೆ. 'ಫೋನ್ ಮಾಡಿ' ಎಂದರೆ ಒಂದೇ ಸಾಲು, ಅರ್ಥವೂ ಸ್ಪಷ್ಟ. 'ಲಭ್ಯವಿರುವುದಿಲ್ಲ' ಹೋಗಿ 'ಮುಗಿದಿದೆ' ಬಂತು.

ಎರಡು ಭಾಷೆ

ಕನ್ನಡ ಮತ್ತು ಮಲಯಾಳಂ ಎರಡೂ ಬೇಕಿತ್ತು. ತುಳು, ಕೊಂಕಣಿ, ಮರಾಠಿ ಮನೆಮಾತಿನವರು ಇವೆರಡರಲ್ಲಿ ಒಂದನ್ನು ಓದುತ್ತಾರೆ. ಟೆಂಪ್ಲೇಟಿನಲ್ಲಿ ಒಂದು ಸೌಲಭ್ಯ ಇತ್ತು: ನೋಡುವವರು ಯಾವ ರಾಜ್ಯದಲ್ಲಿದ್ದಾರೆ ಎಂದು ತಿಳಿದು ತಾನಾಗಿ ಭಾಷೆ ಬದಲಿಸುವುದು. ಅದನ್ನು ಕೂಡಲೇ ನಿಲ್ಲಿಸಿದೆ. ಪೆರ್ಲ ಇರುವುದು ಕೇರಳದಲ್ಲಿ. ಅಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ರಾಜ್ಯ ನೋಡಿ ಮಲಯಾಳಂ ಪುಟ ಕೊಟ್ಟರೆ ಅದು ಅವರನ್ನು ಅಲ್ಲಗಳೆದ ಹಾಗೆ. 1956ರಲ್ಲಿ ರಾಜ್ಯದ ಗೆರೆ ಬದಲಾಯಿತು, ಓದುವ ಭಾಷೆ ಗೆರೆಯ ಜತೆ ಬದಲಾಗಲಿಲ್ಲ. ಅಲ್ಲದೆ ಗಡಿಯಲ್ಲಿ ಫೋನ್ ಒಮ್ಮೆ ಆಚೆ ಟವರ್, ಒಮ್ಮೆ ಈಚೆ ಟವರ್ ಹಿಡಿಯುತ್ತದೆ. ಜಾಗ ನೋಡಿ ಊಹಿಸುವ ಯಾವುದೂ ಇಲ್ಲಿ ನಡೆಯುವುದಿಲ್ಲ.

ಮೊದಲ ಪುಟ ಕನ್ನಡ. ಬಲಗಡೆ ಮೇಲೆ ಮಲಯಾಳಂ ಎಂದು ಮಲಯಾಳಂ ಲಿಪಿಯಲ್ಲೇ ಬರೆದ ಲಿಂಕ್. ಎರಡು ಭಾಷೆಗೆ ಎರಡು ವಿಳಾಸ, ಪ್ರತಿ ಪುಟದಲ್ಲಿ ಭಾಷೆಯ ಗುರುತು, ಒಂದು ಇನ್ನೊಂದರ ಜೋಡಿ ಎಂದು ಗೂಗಲ್‌ಗೆ ಹೇಳುವ ಎಚ್‌ರೆಫ್‌ಲ್ಯಾಂಗ್ ಸಾಲು. ಯಂತ್ರಾನುವಾದ ಬಳಸಲಿಲ್ಲ. ಮಲಯಾಳಂ ಬರಹವನ್ನು ಹೈಸ್ಕೂಲಿನ ಟೀಚರ್ ಒಬ್ಬರು ಬರೆದುಕೊಟ್ಟರು, ಗಿಡಗಳಿಗೆ ಇಲ್ಲಿಯವರು ಹೇಳುವ ಹೆಸರಿನಲ್ಲೇ.

ಬಟನ್, ಬೆರಳು, ನಂಬರ್

ಪರದೆಯ ಕೆಳಗೆ ಅಂಟಿಕೊಂಡಿರುವ ಒಂದು ಪಟ್ಟಿ, ಅದರಲ್ಲಿ ಎರಡೇ ಬಟನ್: ಫೋನ್ ಮಾಡಿ, ವಾಟ್ಸಾಪ್. ಒಂದು ಕೈಯಲ್ಲಿ ಹಿಡಿದಾಗ ಹೆಬ್ಬೆರಳು ತಲುಪುವುದು ಅಲ್ಲಿಗೇ. ಎತ್ತರ 52 ಪಿಕ್ಸೆಲ್. ಆಂಡ್ರಾಯ್ಡ್ ವಿನ್ಯಾಸದ ಸೂಚನೆ 48, ಆಪಲ್ ಹೇಳುವುದು 44. ಎಲ್ಲರೂ ಬಳಸಬಲ್ಲ ವೆಬ್ ಪುಟಗಳಿಗಾಗಿ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿಯ ಪ್ರಕಾರ ಕನಿಷ್ಠ 24. ಆದರೆ ಮಣ್ಣು ಮೆತ್ತಿದ, ಮಳೆಯಲ್ಲಿ ಒದ್ದೆಯಾದ ಬೆರಳಿಗೆ 24 ಎಲ್ಲಿ ಸಾಕು? ಪುಟದ ಕೊನೆಯ ಸಾಲು ಈ ಪಟ್ಟಿಯ ಅಡಿಗೆ ಸೇರದಂತೆ ಕೆಳಗೆ ಅಷ್ಟೇ ಜಾಗ ಬಿಡುವುದನ್ನು ನೆನಪಿಡಿ.

ಫೋನ್ ಲಿಂಕಿನಲ್ಲಿ ನಂಬರಿನ ಮುಂದೆ ಪ್ಲಸ್ 91 ಇರಲೇಬೇಕು. ಕಾಸರಗೋಡಿನ ಎಷ್ಟೋ ಮನೆಯವರು ಗಲ್ಫಿನಲ್ಲಿದ್ದಾರೆ. ತೋಟ ಇಲ್ಲಿ, ಗಿಡದ ತೀರ್ಮಾನ ದುಬೈಯಲ್ಲಿ. ಸುಮ್ನೆ ಹತ್ತು ಅಂಕೆ ಕೊಟ್ಟರೆ ಅಲ್ಲಿಂದ ಕರೆ ಬರುವುದಿಲ್ಲ. ವಾಟ್ಸಾಪ್ ಲಿಂಕಿನಲ್ಲಿ 91 ಬೇಕು, ಪ್ಲಸ್ ಬೇಡ, ಮುಂದಿನ ಸೊನ್ನೆಯೂ ಬೇಡ.

ಪ್ರತಿ ಗಿಡದ ಕೆಳಗೂ ಒಂದು ವಾಟ್ಸಾಪ್ ಬಟನ್ ಇಟ್ಟೆ. ಒತ್ತಿದರೆ ಮೆಸೇಜ್ ಮೊದಲೇ ತುಂಬಿರುತ್ತದೆ: 'ಮಂಗಳ ಅಡಕೆ ಗಿಡ. ಎಷ್ಟು ಬೇಕು: ಊರು: ಯಾವಾಗ:'. ಗಿರಾಕಿ ಮೂರು ಜಾಗ ತುಂಬಿದರೆ ಆಯಿತು. ಮೊದಲೆಲ್ಲ ಬರೀ 'ಹಾಯ್' ಬಂದು, ಮಾವ ಕನ್ನಡಕ ಹುಡುಕಿ, ಒಂದೊಂದೇ ಕೇಳಬೇಕಾಗುತ್ತಿತ್ತು. ಕನ್ನಡ ಬರಹವನ್ನು ಲಿಂಕಿನೊಳಗೆ ಹಾಕುವಾಗ ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಿಸಬೇಕು. ಒಂದು ಕನ್ನಡ ಚಿಹ್ನೆಗೆ ಒಂಬತ್ತು ಅಕ್ಷರ ಆಗುತ್ತದೆ. ಲಿಂಕ್ ಉದ್ದ ಕಂಡು ಹೆದರಬೇಡಿ, ಕೆಲಸ ಮಾಡುತ್ತದೆ.

ಫೋಟೊ

ಮಾವನ ಮಗಳು ಫೋನಿನಲ್ಲೇ ತೆಗೆದಳು. ಗಿಡದ ಪಕ್ಕ ಅಡಿಕೋಲು ನಿಲ್ಲಿಸಿ, ತೊಟ್ಟೆ (ಪ್ಲಾಸ್ಟಿಕ್ ಚೀಲ) ಸಮೇತ. 'ಗಿಡ ಎಷ್ಟು ದೊಡ್ಡದು' ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಫೋನಿನ ಫೋಟೊ 4000 ಪಿಕ್ಸೆಲ್ ಅಗಲ, ಹಲವು ಎಂಬಿ ಇರುತ್ತದೆ. 720 ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರಮಾದರಿಗೆ ಬದಲಿಸಿದೆ. ಅಗಲ ಎತ್ತರ ಎರಡನ್ನೂ ಕೋಡಿನಲ್ಲಿ ಬರೆದೆ, ಫೋಟೊ ಬಂದಾಗ ಪುಟ ಕುಣಿಯದಿರಲಿ ಎಂದು. ಮೊದಲ ಫೋಟೊ ಬಿಟ್ಟು ಉಳಿದವು ಕೆಳಗೆ ಸರಿದಾಗ ಮಾತ್ರ ಇಳಿಯುತ್ತವೆ.

ರೇಟ್ ಬದಲಾದಾಗ

ಇದಕ್ಕೆ ಉತ್ತರ ಇಲ್ಲದೆ ಸೈಟ್ ಕಟ್ಟಬಾರದು. ಹಳೆಯ ರೇಟ್ ತೋರಿಸುವ ಪುಟಕ್ಕಿಂತ ರೇಟ್ ಇಲ್ಲದ ಪುಟವೇ ವಾಸಿ. ಮಾವ ಫೋನಿನಲ್ಲಿ ಗೂಗಲ್ ಶೀಟ್ ತೆರೆದು ತಿದ್ದುತ್ತಾರೆ. ಕಾಲಂಗಳು ಕಡಿಮೆ: ಗಿಡ, ರೇಟ್, ಸ್ಟಾಕ್, ತಾರೀಕು. ಸ್ಟಾಕ್‌ಗೆ ಮೂರೇ ಆಯ್ಕೆ: ಇದೆ, ಮುಗಿದಿದೆ, ಬರಲಿದೆ. ದಿನಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಶೀಟನ್ನು ಓದಿ ಪೂರ್ತಿ ಪುಟವನ್ನೇ ಹೊಸದಾಗಿ ಬರೆಯುತ್ತದೆ.

ಗಿರಾಕಿ ಪುಟ ತೆರೆದಾಗ ಶೀಟಿನಿಂದ ರೇಟ್ ತರಿಸುವ ದಾರಿಯೂ ಇತ್ತು. ಆದರೆ ಇಲ್ಲಿಯ ಗುಡ್ಡಗಳಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ. ಪುಟ ಬಂದು ರೇಟ್ ಬಾರದೆ ನಿಲ್ಲುವ ಹಾಗಾಗಬಾರದು. ಈಗ ಪುಟದ ಮೂಲ ಬರಹವಾದ ಎಚ್‌ಟಿಎಂಎಲ್ ಬಂದರೆ ಅದರೊಳಗೇ ರೇಟ್ ಬಂದಿರುತ್ತದೆ, ಜಾವಾಸ್ಕ್ರಿಪ್ಟ್ ಬೇಕಾಗಿಲ್ಲ. ಶೀಟಿನಲ್ಲಿ ರೇಟ್ ಖಾಲಿ ಬಿಟ್ಟರೆ 'ಫೋನಲ್ಲಿ ಕೇಳಿ' ಎಂದು ಬರುತ್ತದೆ. ರೇಟ್ ಪಕ್ಕದಲ್ಲೇ ತಾರೀಕು ಇದೆ. ಅದು ಹಳೆಯದಾದರೆ ಗಿರಾಕಿಯೇ ಕೇಳಿ ತಿಳಿದುಕೊಳ್ಳುತ್ತಾರೆ.

ದಾರಿ, ದುಡ್ಡು

ಪುಟದೊಳಗೆ ಗೂಗಲ್ ಮ್ಯಾಪ್ ಅಂಟಿಸಿದರೆ ಅದೊಂದೇ ಉಳಿದೆಲ್ಲಕ್ಕಿಂತ ಭಾರ. ಅದನ್ನು ತೆಗೆದು ಮ್ಯಾಪ್ ಆಪ್ ತೆರೆಯುವ ಲಿಂಕ್ ಕೊಟ್ಟೆ. ಜತೆಗೆ ದಾರಿಯನ್ನು ಮಾತಿನಲ್ಲಿ ಬರೆದೆ, ವಿಟ್ಲ ಕಡೆಯಿಂದ ಬರುವವರಿಗೆ ಒಂದು, ಬದಿಯಡ್ಕ ಕಡೆಯಿಂದ ಬರುವವರಿಗೆ ಒಂದು. ಯಾಕೆಂದರೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಕಡಿದಾದ ಏರು. ಬೈಕ್ ಹತ್ತುತ್ತದೆ, ಗಿಡ ತುಂಬಿದ ಪಿಕಪ್ ಆ ದಾರಿಯಲ್ಲಿ ಇಳಿಯುವುದು ಅಪಾಯ. 'ಪಿಕಪ್ ಇದ್ದರೆ ಈ ದಾರಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ.

ಅಡ್ವಾನ್ಸ್‌ಗೆಂದು ಹಳೆಯ ಪುಟದಲ್ಲಿ ಯುಪಿಐ ಕ್ಯುಆರ್ ಚಿತ್ರ ಇತ್ತು. ಪುಟ ತೆರೆದಿರುವ ಫೋನಿನ ಕ್ಯಾಮೆರಾದಿಂದ ಆ ಫೋನಿನ ಪರದೆಯನ್ನೇ ಸ್ಕ್ಯಾನ್ ಮಾಡುವುದು ಹೇಗೆ? ಕ್ಯುಆರ್ ತೆಗೆದು ಯುಪಿಐ ಐಡಿಯನ್ನು ಬರಹವಾಗಿ ಕೊಟ್ಟೆ, ಪಕ್ಕದಲ್ಲಿ 'ಕಾಪಿ' ಬಟನ್. ಅದರ ಕೆಳಗೆ, ಆಪ್‌ನಲ್ಲಿ ಯಾವ ಹೆಸರು ಕಾಣಬೇಕು ಎಂದೂ ಬರೆದೆ. ಬೇರೆ ಹೆಸರು ಕಂಡರೆ ದುಡ್ಡು ಹಾಕಬೇಡಿ ಎಂಬ ಒಂದು ಸಾಲು ಇಂಥ ಪುಟದಲ್ಲಿ ಇರಲೇಬೇಕು.

ಬಿಸಿಲಿನಲ್ಲಿ ನೋಡಿದ್ದು

ಕ್ರೋಮ್‌ನಲ್ಲಿ ಮೊಬೈಲ್ ಪರದೆಯ ಅಣಕು ಇದೆ, ನೆಟ್ ನಿಧಾನ ಮಾಡುವ ಆಯ್ಕೆಯೂ ಇದೆ. ಗೂಗಲ್ ಹೇಳುವ ಮಿತಿಗಳನ್ನು ಅಲ್ಲಿ ಒಂದು ಹಂತಕ್ಕೆ ನೋಡಬಹುದು: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟದ ಅಲುಗಾಟ ಗೂಗಲ್‌ನದೇ ಅಳತೆಯಲ್ಲಿ 0.1 ಮೀರಬಾರದು. ಅವೆಲ್ಲ ಸರಿ ಬಂದ ಮೇಲೂ ನಿಜವಾದ ಫೋನ್ ಬೇಕೇ ಬೇಕು. ಮಾವನ ಹಳೆಯ ಆಂಡ್ರಾಯ್ಡ್ ಹಿಡಿದು ನಡು ಮಧ್ಯಾಹ್ನ ಗಿಡಗಳ ನಡುವೆ ನಿಂತು ನೋಡಿದೆ. ಬಿಳಿ ಹಿನ್ನೆಲೆಯ ಮೇಲೆ ಬೂದು ಅಕ್ಷರದಲ್ಲಿದ್ದ 'ಬರಲಿದೆ' ಕಾಣಲೇ ಇಲ್ಲ. ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಲಿ ಎನ್ನುತ್ತದೆ ಡಬ್ಲ್ಯುಸಿಎಜಿ. ಬಿಸಿಲಿಗೆ ಅದೂ ಕಡಿಮೆಯೇ. ಬೂದು ಬಣ್ಣವನ್ನೇ ಬಿಟ್ಟು ಎಲ್ಲ ಬರಹವನ್ನೂ ಕಪ್ಪಿನ ಹತ್ತಿರ ತಂದೆ. ಸ್ಟಾಕ್ ಇದೆಯೋ ಇಲ್ಲವೋ ಎಂಬುದನ್ನು ಬಣ್ಣದಿಂದ ತೋರಿಸದೆ ಪದದಿಂದಲೇ ಹೇಳಿದೆ.

ಪುಟ ಹಾಕಿದ ಮೇಲೆ ಕರೆಗಳು ಬದಲಾದವು ಎಂದು ಮಾವ ಹೇಳುತ್ತಾರೆ. ಈಗ ಹೆಚ್ಚಿನವರು ಶುರು ಮಾಡುವುದೇ "ಮೊಹಿತ್‌ನಗರ ಇನ್ನೂರು ಬೇಕು, ಶನಿವಾರ ಪಿಕಪ್ ತರಬಹುದಾ?" ಎಂದು. ಎಷ್ಟು ನೆರಳು ಇದೆ, ನೀರು ಹೇಗಿದೆ ಎಂದು ಕೇಳಲು ಮಾವನಿಗೆ ಹೊತ್ತು ಸಿಗುತ್ತದೆ.

ನೆಟ್ ಇಲ್ಲದಾಗಲೂ ಪುಟ ತೆರೆಯುವಂತೆ, ಅದನ್ನು ಫೋನಿನಲ್ಲಿ ಉಳಿಸಿಡುವ ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟ್ ಹಾಕುವುದು ಬಾಕಿ ಇದೆ. ದಾರಿ ಮತ್ತು ಫೋನ್ ನಂಬರಿನ ಪುಟಕ್ಕೆ ಮಾತ್ರ ಹಾಕುತ್ತೇನೆ. ರೇಟ್ ಪಟ್ಟಿಗೆ ಹಾಕುವುದಿಲ್ಲ. ಫೋನಿನಲ್ಲಿ ಉಳಿದುಹೋದ ಹಳೆಯ ರೇಟ್ ಹಿಡಿದು ಯಾರಾದರೂ ಪುತ್ತೂರಿನಿಂದ ಪಿಕಪ್ ತಂದರೆ, ಜಗಲಿಯಲ್ಲಿ ಅವರಿಗೆ ಉತ್ತರ ಕೊಡಬೇಕಾದವರು ಮಾವ.